ಅಗ್ರಿಪಿನಾಳ ಕಾರು ಹೇಳುತ್ತಿದ್ದ ಮಾತು

ಅಗ್ರಿಪಿನಾಳ ಕಾರು ದಿನಾ ಬೆಳಿಗ್ಗೆ ಮಾತಾಡುತ್ತಿತ್ತು. ಕೀಲಿ ತಿರುಗಿಸಿದ ಕೂಡಲೇ ಒಳಗೆಲ್ಲೋ ಒಂದು ಸಣ್ಣ ಗಂಟೆ ಬಾರಿಸುತ್ತಿತ್ತು, ಆಮೇಲೆ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ದಿನಾ ಅದೇ ಒಂದು ಮಾತು. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವ ನರ್ಸಿನ ಹಾಗೆ ಮೆತ್ತಗಿನ ದನಿ. ನಮ್ಮ ಇರಿಂಗಾ ಊರಲ್ಲಿ ಓಡಾಡುವ ಕಾರುಗಳಲ್ಲಿ ಮುಕ್ಕಾಲುಪಾಲು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟವೇ. ಅವುಗಳಲ್ಲಿ ಎಷ್ಟೋ ಹೀಗೆ ಮಾತಾಡುತ್ತವೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಗ್ರಿಪಿನಾ ಹಾಕಿಕೊಂಡಳು. ಆ ಮಾತು ಮುಗಿಯುವವರೆಗೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಉಸಿರು ಕಟ್ಟಿ ಕೂರುತ್ತಿದ್ದಳು.

ನಾನು ಅವಳ ಪಕ್ಕದ ಮನೆಯವಳು. ಮಾಪುಂಡಾ ಮೇಸ್ತ್ರಿಯ ಗ್ಯಾರೇಜಿನ ಎದುರು ಶುಂಠಿ ಚಹಾ ಮತ್ತು ಎಣ್ಣೆಯಲ್ಲಿ ಕರಿದ ಮಂದಾಜಿ ಮಾರುತ್ತೇನೆ. ನನ್ನನ್ನು ಎಲ್ಲರೂ ತುಮೈನಿ ಅವ್ವ ಅನ್ನುತ್ತಾರೆ, ಅವಳನ್ನು ಇಮೆಲ್ಡಾ ಅವ್ವ. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಹೆಂಗಸು ಆ ಮಗುವಿನ ಅವ್ವ, ಅವಳ ಸ್ವಂತ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಸ್ವಂತ ಹೆಸರು ಬಂತು ಅಂದರೆ ಏನೋ ಗ್ರಹಚಾರ ಬಂತು ಅಂತಲೇ ಲೆಕ್ಕ.

ಅಗ್ರಿಪಿನಾ ಶಾಲೆ ಮಕ್ಕಳಿಗೆ ಸ್ವೆಟರ್ ಹೆಣೆಯುವವಳು. ಚಳಿಯ ಊರು, ಕೆಲಸಕ್ಕೆ ಬರವಿಲ್ಲ. ಐವತ್ತರ ಹತ್ತಿರ ಬಂದ ಮೇಲೆ ಇದ್ದಕ್ಕಿದ್ದಂತೆ ಡ್ರೈವಿಂಗ್ ಕಲಿತಳು, ಬೆಳ್ಳಿ ಬಣ್ಣದ ಒಂದು ಪುಟ್ಟ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಳು. ಸ್ವೆಟರ್ ಸಾಗಿಸಲು ಅಂತ ಊರೆಲ್ಲ ಹೇಳಿದಳು. ಯಾತಕ್ಕೆ ಅಂತ ನನಗೆ ಮಾತ್ರ ಗೊತ್ತಿತ್ತು.

ಕಾರು ಬಂದದ್ದೇ ಬಂದದ್ದು, ಅವಳ ನಿದ್ದೆ ಹೋಯಿತು. ಎಂಜಿನ್ನಿಗೆ ಸೆಕೆಯಾಗುತ್ತದೆ ಅಂತ ಬಾನೆಟ್ ಎತ್ತಿಟ್ಟು ಅಂಗಳದಲ್ಲಿ ಕಾವಲು ಕೂತಳು. ಎಸಿ ಹಾಕಿದ ದಿನ ಕೆಳಗೆ ತೊಟ್ಟಿಕ್ಕಿದ ನೀರು ನೋಡಿ ಮೇಸ್ತ್ರಿಯ ಬಳಿಗೆ ಓಡಿ ಬಂದಳು. ಮಾಪುಂಡಾ ಬಗ್ಗಿ ನೋಡಿ, ಬೆರಳಲ್ಲಿ ಮುಟ್ಟಿ, ಮುಖ ಗಂಭೀರ ಮಾಡಿಕೊಂಡು ಹೇಳಿದ: "ಅಳ್ತಾ ಇದೆ. ಹೆಹೆಯವರ ಮನೆಗೆ ಬಂದ್ನಲ್ಲಾ ಅಂತ." ಹೆಹೆ ಅಂದರೆ ನಮ್ಮ ಕುಲ.

ಇನ್ನೊಂದು ದಿನ ಅವಳು ಕೇಳಿದಳು. "ಮೇಸ್ತ್ರಿ, ಟೈರಿನ ಗಾಳಿ ಎಷ್ಟು ತಿಂಗಳಿಗೊಂದ್ಸಲ ಬದಲಾಯಿಸ್ಬೇಕು? ಹಳಸಿ ಹೋಗುತ್ತಲ್ವಾ?"

"ಬದಲಾಯಿಸ್ಬಿಟ್ಟೀಯ ಮತ್ತೆ," ಅಂದ ಮಾಪುಂಡಾ. "ಅದು ಜಪಾನ್ ಗಾಳಿ. ಇಲ್ಲಿ ಎಲ್ಲಿ ಹುಡುಕಿದ್ರೂ ಸಿಗಲ್ಲ. ಸ್ವಲ್ಪ ಸ್ವಲ್ಪವಾಗಿ ಬಳಸು."

ಗ್ಯಾರೇಜು ಗೊಳ್ಳೆಂದಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅವಳು ನಗಲಿಲ್ಲ. ಮರುದಿನದಿಂದ ಕಲ್ಲು ಮುಳ್ಳು ಕಂಡಲ್ಲೆಲ್ಲ ಇಳಿದು ದಾರಿ ಗುಡಿಸಿ ಕಾರು ಓಡಿಸತೊಡಗಿದಳು.

ಮಾಪುಂಡಾನಿಗೆ ಹೀಗೆ ಆಡಿಕೊಳ್ಳುವ ಹಕ್ಕಿತ್ತು. ಅವನು ದಕ್ಷಿಣದ ಸೊಂಗೆಯಾ ಕಡೆಯ ಅಂಗೋನಿ ಕುಲದವನು, ನಾವು ಹೆಹೆಯವರು. ಮುತ್ತಜ್ಜರ ಕಾಲದಲ್ಲಿ ಎರಡೂ ಕಡೆಯವರು ಈಟಿ ಹಿಡಿದು ಒಬ್ಬರನ್ನೊಬ್ಬರು ಕೊಂದುಕೊಂಡು ಸಾಕಾಗಿ, ಇನ್ನು ಬಾಯಲ್ಲೇ ಹೊಡೆದಾಡೋಣ ಅಂತ ನಿಲ್ಲಿಸಿದರು. ಅದಕ್ಕೆ ಉತಾನಿ ಅಂತ ಹೆಸರು, ಗೇಲಿಯ ನಂಟು. ಅಂಗೋನಿ ಹೆಹೆಯನ್ನು ಏನಂದರೂ ಹೆಹೆ ಸಿಟ್ಟಾಗುವಂತಿಲ್ಲ, ತಿರುಗಿಸಿ ಅದಕ್ಕಿಂತ ಜೋರಾಗಿ ಅನ್ನಬೇಕು. ಎದುರುತ್ತರ ಬಂದರೆ ಅದು ನಂಟು, ಬಾರದಿದ್ದರೆ ಬರೀ ಬೈಗುಳ. ಗೇಲಿಯ ನಂಟನು ಸಾವಿನ ಮನೆಯಲ್ಲೂ ಗೇಲಿ ಮಾಡಲೇಬೇಕು. ದುಃಖದವರಿಗೆ ಒಂದು ಗುಟುಕು ನಗು ಕೊಡುವುದು ಅವನ ಪಾಲಿನ ಕೆಲಸ.

ಅಗ್ರಿಪಿನಾಳ ಗಂಡ ದೆಸಿದೇರಿ ಸತ್ತಾಗ ಮಾಪುಂಡಾ ಆ ಕೆಲಸ ಮಾಡಿದ್ದ. ಸತ್ತವನ ಟೋಪಿ ಹಾಕಿಕೊಂಡು, ಅವನ ಹಾಗೇ ಒಂದು ಭುಜ ಎತ್ತಿ ನಡೆದು, ಕೊನೆಗೆ ಹೂಳಲು ತೋಡಿದ ಗುಂಡಿಯೊಳಗೆ ಇಳಿದು ಕೂತು, "ಒಂದು ಕೋಳಿ ಕೊಡೋವರೆಗೆ ಜಾಗ ಬಿಡಲ್ಲ. ಈ ಹೆಹೆ ಬದುಕಿದ್ದಾಗ ನನಗೊಂದು ಲೋಟ ಬಿದಿರ ಕಳ್ಳು ಕೊಡಿಸಿಲ್ಲ" ಅಂದಿದ್ದ. ಅಳುತ್ತಿದ್ದ ಅಗ್ರಿಪಿನಾ ನಕ್ಕುಬಿಟ್ಟಿದ್ದಳು. ಅದೇ ಕೊನೆ. ಆಮೇಲೆ ಏಳು ವರ್ಷ ಅವನು ಎಷ್ಟು ಕೆಣಕಿದರೂ ಅವಳ ಬಾಯಿಂದ ಒಂದು ಎದುರುತ್ತರ ಬರಲಿಲ್ಲ.

ಅದಕ್ಕೆ ಕಾರಣ ಹೇಳಬೇಕು. ದೆಸಿದೇರಿ ಮರದ ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್. ಕೊನೆಯ ದಿನ ಬೆಳಿಗ್ಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ, "ಲಾರಿ ಬ್ರೇಕ್ ಯಾಕೋ ನರಳ್ತಾ ಇದೆ ಕಣ್ರಯ್ಯ, ಏನೋ ಹೇಳ್ತಿದೆ ಅನ್ಸುತ್ತೆ" ಅಂದಿದ್ದ. ಎದುರಿಂದ ಮಾಪುಂಡಾ ಕೂಗಿದ್ದ: "ಹೆಹೆಯವರು ಬ್ರೇಕ್ ಯಾವತ್ತು ಹಿಡಿದಿದ್ರಯ್ಯ? ನಮ್ಮಜ್ಜನ ಈಟಿ ಕಂಡಾಗ ಓಡಿದ್ದು ಇನ್ನೂ ನಿಂತಿಲ್ಲ." ಎಲ್ಲರೂ ನಕ್ಕರು, ದೆಸಿದೇರಿಯೇ ಹೊಟ್ಟೆ ಹಿಡಿದು ನಕ್ಕ, ಊಟದ ಡಬ್ಬಿ ತಂದುಕೊಟ್ಟ ಅಗ್ರಿಪಿನಾಳೂ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಲಾರಿ ಕಿಟೊಂಗಾ ಘಾಟಿಯ ಕಂದಕದಲ್ಲಿತ್ತು.

ಹಾಗಾಗಿ ಗಾಡಿ ಏನಾದರೂ ಹೇಳಿ, ಅದಕ್ಕೆ ಜನ ನಕ್ಕರೆ, ಅವಳ ಎದೆ ಹಿಡಿದುಕೊಳ್ಳುತ್ತಿತ್ತು. ನಾವು ನಕ್ಕಷ್ಟೂ ಅವಳ ಭಯ ಗಟ್ಟಿಯಾಗುತ್ತಿತ್ತು. ಅದು ನನಗೆ ತಿಳಿಯಲು ತಡವಾಯಿತು.

ಇಮೆಲ್ಡಾ ಅವಳ ಒಬ್ಬಳೇ ಮಗಳು. ಘಾಟಿಯ ಆಚೆ ಮಿಕುಮಿಯಲ್ಲಿ ಅವಳ ಗಂಡನ ಮನೆ. ಅಲ್ಲಿಗೆ ಹೋಗಬೇಕಾದರೆ ಕಿಟೊಂಗಾ ಇಳಿಯಲೇಬೇಕು, ಬೇರೆ ದಾರಿಯಿಲ್ಲ. ಗಂಡ ಹೋದ ಮೇಲೆ ಅಗ್ರಿಪಿನಾ ಆ ಘಾಟಿ ಇಳಿದಿರಲಿಲ್ಲ. ಮಗಳ ಮದುವೆಗೂ ಹೋಗಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ನಡುಗಿ ಇಳಿದುಬಿಟ್ಟಳು, ಗಂಡಿನ ಕಡೆಯವರು ಹುಡುಗಿ ತಾಯಿಯಿಲ್ಲದವಳೇನೋ ಅಂದುಕೊಂಡರು. ಈಗ ಇಮೆಲ್ಡಾಗೆ ತುಂಬು ತಿಂಗಳು. ಚೊಚ್ಚಲ ಹೆರಿಗೆಗೆ ಹೆತ್ತವಳು ಹತ್ತಿರ ಇರಬೇಕು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರಲಾರೆ, ನನ್ನ ಕೈಯಲ್ಲೇ ಬ್ರೇಕ್ ಇದ್ದರೆ ಇಳಿದೇನು ಅಂತ ಅವಳು ಕಾರು ಕೊಂಡದ್ದು. ಕಾರು ನೋಡಿದರೆ ಬ್ರೇಕಿನದೇ ಎಚ್ಚರಿಕೆ ಕೊಡುತ್ತಿದೆ ಅಂತ ಅವಳ ಭಯ.

ಒಂದು ಸೋಮವಾರ ಇಮೆಲ್ಡಾಳ ಫೋನ್ ಬಂತು. ಅಗ್ರಿಪಿನಾ ನನ್ನ ಮುಂದೆಯೇ ಮಾತಾಡಿದ್ದರಿಂದ ನನಗೂ ಕೇಳಿಸಿತು. "ಅಮ್ಮಾ, ಮದುವೆಗೆ ಬರ್ಲಿಲ್ಲ, ನಾನೇನೂ ಅನ್ಲಿಲ್ಲ. ಇದಕ್ಕೂ ಬರದಿದ್ರೆ, ಇನ್ಮೇಲೆ ನಾನು ಕರೆಯಲ್ಲ. ನನಗೂ ಭಯ ಇದೆ ಕಣಮ್ಮ."

ಅಗ್ರಿಪಿನಾ ಫೋನಿಟ್ಟು ನೇರ ಗ್ಯಾರೇಜಿಗೆ ಕಾರು ತಂದಳು. ಮಾಪುಂಡಾ ಒಂದು ಲಾರಿಯ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿದ್ದವು. ಬಿಡಿಭಾಗ ಮಾರುವ ಕಿಕೋಟಿ ಅಲ್ಲಿದ್ದ, ಇಬ್ಬರು ಮೂವರು ಟ್ಯಾಕ್ಸಿಯವರಿದ್ದರು. ಅವಳು ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಳು. ಗಂಟೆ ಬಾರಿಸಿತು, ಹೆಂಗಸು ಮಾತಾಡಿದಳು.

"ಇವಳು ಏನ್ ಹೇಳ್ತಿದಾಳೆ, ಯಾರಾದ್ರೂ ಹೇಳಿ," ಅಂದಳು ಅಗ್ರಿಪಿನಾ. "ನಾನು ಕಿಟೊಂಗಾ ಇಳೀಬೇಕು. ಬ್ರೇಕ್ ವಿಷಯಾನಾ?"

ಕಿಕೋಟಿ ಕಿವಿಗೆ ಕೈ ಹಿಡಿದು ಕೇಳಿದ. "ಹೊಟ್ಟೆ ಹಸಿದಿದೆ ಅಂತಾಳೆ. ಅನ್ನ ತಿಂದು ಬೆಳೆದೋಳಂತೆ, ನೀನು ದಿನಾ ಮುದ್ದೆ ವಾಸನೆ ತೋರಿಸ್ತೀಯಂತೆ."

"ಅಲ್ಲಲ್ಲ," ಅಂದ ಒಬ್ಬ ಟ್ಯಾಕ್ಸಿಯವನು. "ನಿಧಾನವಾಗಿ ಓಡಿಸ್ತಾಳೆ, ಇದಕ್ಕಿಂತ ಹಡಗಲ್ಲೇ ಬೇಗ ಬಂದೆ ಅಂತಿದಾಳೆ."

ಲಾರಿಯ ಕೆಳಗಿಂದ ಮಾಪುಂಡಾನ ದನಿ ಬಂತು. "ಹೆಹೆಯವಳ ಕೈಗೆ ಸಿಕ್ಕಿಬಿದ್ದಿದೀನಿ, ಅಂಗೋನಿ ಯಾರಾದ್ರೂ ಇದ್ರೆ ಬಂದು ಬಿಡಿಸ್ಕೊಳ್ಳಿ ಅಂತಾಳೆ."

"ಮೇಸ್ತ್ರಿ, ನಿನ್ನ ಕಾಲಿಗೆ ಬೀಳ್ತೀನಿ. ನಿಜ ಹೇಳು."

ಒಂದು ಕ್ಷಣ ಸುತ್ತಿಗೆ ಸದ್ದು ನಿಂತಿತು. "ಕಾರ್ಡ್ ಹಾಕಿಲ್ಲ ಅಂತಾಳೆ," ಅಂದ.

"ಯಾವ ಕಾರ್ಡು?" ಅಂದ ಕಿಕೋಟಿ. "ಆಸ್ಪತ್ರೆ ಕಾರ್ಡಾ, ಪಾರ್ಟಿ ಕಾರ್ಡಾ? ಓಹೋ, ಮದುವೆ ಖರ್ಚಿಗೆ ವಂತಿಗೆ ಎತ್ತೋಕೆ ಹಂಚ್ತಾರಲ್ಲ, ಆ ಕಾರ್ಡ್ ಇರ್ಬೇಕು. ಜಪಾನಿನೋಳನ್ನೂ ಬಿಟ್ಟಿಲ್ಲ ನಮ್ಮ ಜನ." ಆಗ ಎದ್ದ ನಗು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

ಅಗ್ರಿಪಿನಾ ಸುತ್ತ ನಿಂತವರ ಬಾಯಿಗಳನ್ನೇ ನೋಡುತ್ತ ನಿಂತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಅವತ್ತೂ ಹಿಂಗೇ ನಕ್ಕಿದ್ರಲ್ಲ, ತುಮೈನಿ ಅವ್ವ. ಇದೇ ಜಾಗದಲ್ಲಿ." ಅವಳು ಕಾರನ್ನು ಅಲ್ಲೇ ಬಿಟ್ಟು ನಡೆದು ಮನೆಗೆ ಹೋದಳು.

ಆ ವಾರ ಅವಳು ಕಾರಿನ ಹತ್ತಿರ ಬರಲಿಲ್ಲ. ಹೆಣಿಗೆಯ ಯಂತ್ರ ಬೆಳಗಿನಿಂದ ಸಂಜೆವರೆಗೆ ಗರಗರ ಅನ್ನುತ್ತಿತ್ತು. ಹೋಗಿ ನೋಡಿದರೆ ಅವಳು ಹೆಣೆಯುತ್ತಿದ್ದದ್ದು ಕೂಸಿನ ಸ್ವೆಟರ್, ಅಂಗೈ ಅಗಲದ್ದು. ಬಸ್ಸಿನಲ್ಲಿ ಕಳಿಸಿಕೊಡು ಅಂದಳು. "ನೀನು?" ಅಂದೆ. ಅವಳು ಮತ್ತೆ ಯಂತ್ರದ ಕಡೆ ತಿರುಗಿದಳು. ನನಗೆ ರೇಗಿಹೋಯಿತು. ಸೀದಾ ಹೋಗಿ ಮಾಪುಂಡಾನ ಮೇಲೆ ಹರಿಹಾಯ್ದೆ.

"ನಿನ್ನ ಹಲ್ಲು ಕಿರಿಯೋದು ಒಂದು ದಿನ ನಿಲ್ಲಿಸಿದ್ರೆ ಹಲ್ಲೇನು ಉದುರಿ ಹೋಗ್ತಾವಾ? ಆ ಹೆಂಗಸು ಭಯದಲ್ಲಿ ಸಾಯ್ತಿದಾಳೆ. ಮಗಳ ಮುಖ ನೋಡೋಕಾಗ್ತಿಲ್ಲ ಅವಳಿಗೆ."

ಮಾಪುಂಡಾ ಕೈಯ ಗ್ರೀಸು ಒರೆಸುತ್ತ ಕೂತ. "ನಾನು ಹೇಳಿದ್ದು ನಿಜ ಕಣವ್ವ. ಕಾರ್ಡಿನ ಮಾತೇ ಅದು."

"ಮತ್ತೆ ಶುರು ಮಾಡ್ಬೇಡ."

"ನಿನ್ನಾಣೆ. ಹೈಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತಿದ್ಲಲ್ಲ, ಜಪಾನಿನ ಹುಡುಗಿ, ಅವಳು ಊರಿಗೆ ಹೊರಡೋ ಮುಂಚೆ, ಈ ಕಾರು ರಿಪೇರಿಗೆ ಬಂದಿದ್ದಾಗ, ಕರ್ಕೊಂಡು ಬಂದು ಕೇಳಿಸ್ದೆ. ಅವರಲ್ಲಿ ದೊಡ್ಡ ರಸ್ತೆಗೆ ಸುಂಕ ಕಟ್ಟೋಕೆ ಕಾರೊಳಗೆ ಒಂದು ಕಾರ್ಡ್ ತೂರಿಸ್ತಾರಂತೆ. ಅದು ಇಲ್ಲ ಅಂತ ಇವಳು ದಿನಾ ನೆನಪಿಸೋದು. ಅಷ್ಟೇ. ಬ್ರೇಕನ್ನ ನಾನೇ ಬಿಚ್ಚಿ ನೋಡಿದೀನಿ, ಹೊಸದರ ಹಾಗಿದೆ."

ಗೇಲಿಯ ನಂಟನ ಬಾಯಲ್ಲಿ ಬಂದ ನಿಜವನ್ನು ಊರಲ್ಲಿ ಒಬ್ಬರೂ ನಿಜ ಅಂದುಕೊಂಡಿರಲಿಲ್ಲ. ನಾನು ಕೂಡ.

"ಹಂಗಾದ್ರೆ ಹೋಗಿ ಗಂಭೀರವಾಗಿ ಹೇಳು," ಅಂದೆ.

ಅವನು ತಲೆ ತಗ್ಗಿಸಿದ. "ಅವತ್ತು ದೆಸಿದೇರಿಗೆ ನಾನು ಗಂಭೀರವಾಗಿ ಒಂದು ಮಾತು ಹೇಳಿದ್ದಿದ್ರೆ," ಅಂದವನು ಎದ್ದು ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದ.

ಸಂಜೆ ಚರ್ಚಿನ ಕೋಟು ಹಾಕಿಕೊಂಡು ಬಂದ. ನಾನೂ ಜೊತೆಗೆ ಹೋದೆ. ಬಾಗಿಲಲ್ಲಿ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಅಗ್ರಿಪಿನಾ," ಅಂದ.

ಯಂತ್ರ ನಿಂತಿತು. ಅವಳು ಎದ್ದ ರಭಸಕ್ಕೆ ಉಣ್ಣೆಯ ಉಂಡೆ ಉರುಳಿಕೊಂಡು ಹೋಯಿತು. ಆಗ ನನಗೆ ನೆನಪಾಯಿತು. ಏಳು ವರ್ಷದ ಹಿಂದೆ ದೆಸಿದೇರಿಯ ಸುದ್ದಿ ತಂದವನೂ ಇವನೇ. ಇದೇ ಬಾಗಿಲಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಹೀಗೇ ಹೆಸರು ಹಿಡಿದು ಕರೆದಿದ್ದ.

"ಇಮೆಲ್ಡಾಗೆ ಏನಾಯ್ತು?" ಅಂದಳು.

"ಏನೂ ಆಗಿಲ್ಲ. ಕಾರಿನ ವಿಷಯ ಹೇಳೋಣ ಅಂತ ಬಂದೆ. ಆ ಹೆಂಗಸು ಹೇಳೋದು ಸುಂಕದ ಕಾರ್ಡಿನ ಮಾತು. ಬ್ರೇಕ್ ಚೆನ್ನಾಗಿದೆ. ನಂಬು."

"ನೀನು ನಗ್ತಾ ಇಲ್ಲ," ಅಂದಳು ಅಗ್ರಿಪಿನಾ. ಗೋಡೆಗೆ ಒರಗಿ ಹಾಗೇ ಕುಸಿದಳು. "ನೀನು ಯಾಕೆ ನಗ್ತಾ ಇಲ್ಲ? ಬ್ರೇಕ್ ಹೋಗಿದೆ, ಅಲ್ವಾ? ನನ್ನ ಹತ್ರ ಏನು ಮುಚ್ಚಿಡ್ತಿದೀಯಾ?"

ಅವನು ಇನ್ನೂ ಎರಡು ಸಲ ಹೇಳಿದ. ಹೇಳಿದಷ್ಟೂ ಅವಳು ನಡುಗಿದಳು. ಕೊನೆಗೆ ಹೊರಗೆ ಬಂದು ನನ್ನ ಬೇಲಿಯ ಹತ್ತಿರ ನಿಂತು ಅಂದ: "ನಕ್ಕು ಹೇಳಿದ್ರೆ ನಂಬಲ್ಲ, ನಗದೆ ಹೇಳಿದ್ರೆ ಸಾಯ್ತಾಳೆ. ನಾನು ಏನ್ ಮಾಡ್ಲಿ, ನೀನೇ ಹೇಳು."

ಎರಡು ದಿನ ಕಳೆದು ಬೆಳಗಿನಲ್ಲೇ ಅಳಿಯನ ಫೋನ್ ಬಂತು. ಇಮೆಲ್ಡಾಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಅಮ್ಮ ಅಮ್ಮ ಅನ್ನುತ್ತಿದ್ದಾಳೆ. ಅಗ್ರಿಪಿನಾ ಅಂಗಳಕ್ಕೆ ಬಂದು ನಿಂತಳು, ಒಳಗೆ ಹೋದಳು, ಮತ್ತೆ ಬಂದಳು. ನಾನು ಮಾಪುಂಡಾನಿಗೆ ಹೇಳಿ ಕಳಿಸಿದೆ. ಅವನು ಗ್ಯಾರೇಜಿನಿಂದ ಕಾರು ತಂದು ನಿಲ್ಲಿಸಿದ. ಮೈಮೇಲೆ ಕೆಲಸದ ಬಟ್ಟೆ, ಹೆಗಲ ಮೇಲೆ ಒಂದು ಕಂಬಳಿ. ಸ್ಟೀರಿಂಗ್ ಬಿಟ್ಟು ಇಳಿದು, ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತು, ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡ.

"ರಾತ್ರಿಯೆಲ್ಲ ಸೊಳ್ಳೆ. ನಾನು ಮಲಗ್ತೀನಿ," ಅಂದ. "ಮಿಕುಮಿ ಬಂದಾಗ ಎಬ್ಬಿಸು. ಹೆಹೆ ಕೂಸು ಹುಟ್ಟುತ್ತೆ ಅಂದ್ರೆ ಮೊದಲು ಬೈಯೋಕೆ ಒಬ್ಬ ಅಂಗೋನಿ ಬೇಡ್ವಾ?"

ಕಾರು ತಾನೇ ಓಡಿಸುತ್ತೇನೆ ಅಂತ ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಹತ್ತುತ್ತಿರಲಿಲ್ಲ. ಅಗ್ರಿಪಿನಾ ಅವನನ್ನು ನೋಡಿದಳು, ಕೂಸಿನ ಸ್ವೆಟರನ್ನು ಕುಪ್ಪಸದೊಳಗೆ ತೂರಿಸಿಕೊಂಡಳು, ಸ್ಟೀರಿಂಗಿನ ಮುಂದೆ ಕೂತಳು. ಬಾಣಂತಿಯ ಗಂಜಿಗೆ ಹಿಟ್ಟು, ಕಾಲು ಕಟ್ಟಿದ ಒಂದು ಕೋಳಿ ಹಿಡಿದು ನಾನು ಹಿಂದೆ ಹತ್ತಿದೆ. ಗಂಟೆ ಬಾರಿಸಿತು, ಹೆಂಗಸು ಮಾತಾಡಿದಳು. ಅಗ್ರಿಪಿನಾಳ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಂಡಿತು.

ಊರ ಇಳಿಜಾರು ಇಳಿದು ಇಪೊಗೊಲೊ ದಾಟುವಷ್ಟರಲ್ಲಿ ಮಾಪುಂಡಾ ಗೊರಕೆ ಹೊಡೆಯತೊಡಗಿದ. ಇಲುಲಾದ ಟೊಮೆಟೊ ಬುಟ್ಟಿಗಳು ಹಿಂದೆ ಸರಿದವು. ಘಾಟಿಯ ನೆತ್ತಿಗೆ ಬಂದಾಗ ಅವಳು ಕಾರನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿಬಿಟ್ಟಳು. ಕೆಳಗೆ ರಸ್ತೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ. ಇಳಿಯುತ್ತಿದ್ದ ಲಾರಿಗಳಿಂದ ಸುಟ್ಟ ಬ್ರೇಕಿನ ವಾಸನೆ ಬರುತ್ತಿತ್ತು.

"ನನ್ನ ಕೈಲಾಗಲ್ಲ," ಅಂದಳು. "ತುಮೈನಿ ಅವ್ವ, ನನ್ನ ಕೈಲಾಗಲ್ಲ. ಇವನನ್ನ ಎಬ್ಬಿಸು."

ನಾನು ಮಾಪುಂಡಾನ ಭುಜ ಹಿಡಿದು ಅಲುಗಾಡಿಸಿದೆ. ಅವನು ಮಗ್ಗುಲು ಬದಲಿಸಿ ಇನ್ನೂ ಜೋರಾಗಿ ಗೊರಕೆ ಹೊಡೆದ. ಅಗ್ರಿಪಿನಾ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಕಿಟೊಂಗಾದಲ್ಲಿ ನಿದ್ದೆ ಮಾಡುವವರನ್ನು ನಾನಂತೂ ಕಂಡಿಲ್ಲ. ಬಸ್ಸಿನಲ್ಲಿ ಗಡದ್ದಾಗಿ ಮಲಗಿದವರೂ ಇಲ್ಲಿ ಎದ್ದು ಕೂತು ದೇವರನ್ನು ಕರೆಯುತ್ತಾರೆ. ನಕ್ಕು ಹೇಳಿದ್ದು, ನಗದೆ ಹೇಳಿದ್ದು ಎರಡನ್ನೂ ನಂಬದವಳು ಈ ನಿದ್ದೆಯನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಳು. ಆಮೇಲೆ ಕೀಲಿ ತಿರುಗಿಸಿದಳು. ಗೇರನ್ನು ಕೆಳಕ್ಕೆ ಎಳೆದಳು. ಕಾರು ಇಳಿಯತೊಡಗಿತು.

ಹಿಂದಿನ ಲಾರಿಗಳು ಹಾರ್ನ್ ಹೊಡೆದವು, ಎದುರಿನವು ತಿರುವಿನಲ್ಲಿ ಅರ್ಧ ರಸ್ತೆ ನುಂಗಿಕೊಂಡು ಬಂದವು. ಅಗ್ರಿಪಿನಾಳ ತುಟಿ ಅಲುಗುತ್ತಿತ್ತು, ಜಪಮಾಲೆಯ ಪ್ರಾರ್ಥನೆಯೋ ಗಂಡನ ಹೆಸರೋ ತಿಳಿಯಲಿಲ್ಲ. ಕೋಳಿ ಕೂಡ ಉಸಿರೆತ್ತಲಿಲ್ಲ. ದೆಸಿದೇರಿಯ ಲಾರಿ ಉರುಳಿದ ತಿರುವು ಬಂತು. ಅಲ್ಲಿಯ ತಡೆಗೋಡೆಯ ತುಂಡು ಉಳಿದದ್ದಕ್ಕಿಂತ ಹೊಸದಾಗಿತ್ತು, ಅಷ್ಟೇ ಗುರುತು. ನನಗೆ ನೋಡಲಾಗದೆ ತಲೆ ತಗ್ಗಿಸಿದೆ.

ಆಗ ಕಂಡಿತು. ಕಂಬಳಿ ಜಾರಿತ್ತು. ಗೊರಕೆ ಹೊಡೆಯುತ್ತಿದ್ದ ಮಾಪುಂಡಾನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಅವಳು ಬ್ರೇಕ್ ತುಳಿದಾಗಲೆಲ್ಲ ಅವನೂ ತುಳಿಯುತ್ತಿದ್ದ, ಏನೂ ಇಲ್ಲದ ಕಡೆ. ಸೀಟಿನ ಅಂಚು ಹಿಡಿದಿದ್ದ ಬೆರಳು ಬಿಗಿದು ಸೆಟೆದಿದ್ದವು. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿತ್ತು. ಬ್ರೇಕ್ ಚೆನ್ನಾಗಿದೆ ಅಂತ ಅವನಿಗೆ ಗೊತ್ತಿತ್ತು. ಆದರೂ ಅವನ ಕಾಲಿಗೆ ಏಳು ವರ್ಷದಿಂದ ನಿದ್ದೆಯಿರಲಿಲ್ಲ. ತಲೆಯೆತ್ತಿದರೆ ಅಗ್ರಿಪಿನಾಳ ಕಣ್ಣೂ ಒಂದು ಕ್ಷಣ ಆ ಕಾಲಿನ ಮೇಲಿಂದ ಹಾದು ರಸ್ತೆಗೆ ಮರಳಿತು. ಸ್ಟೀರಿಂಗ್ ಹಿಡಿದ ಕೈ ಮಾತ್ರ ಸ್ವಲ್ಪ ಸಡಿಲವಾಯಿತು.

ಕೆಳಗೆ ಬಾವೊಬಾಬ್ ಮರಗಳ ಬಯಲಿಗೆ ಇಳಿದು ಅವಳು ಕಾರು ನಿಲ್ಲಿಸಿದಳು. ಸೆಕೆ ಒಳಗೆ ನುಗ್ಗಿತು. ಈರುಳ್ಳಿ ಮಾರುವವರು ಕಿಟಕಿಗೆ ಓಡಿ ಬಂದರು. ಮಾಪುಂಡಾ ಮೈಮುರಿದು, ಆಕಳಿಸಿ, "ಏನು, ಬಂದ್ಬಿಡ್ತಾ? ಎಂಥ ನಿದ್ದೆ ಬಂದಿತ್ತು ಅಂತೀಯ," ಅಂದ.

ಅಗ್ರಿಪಿನಾ ಮುಂದಿನ ರಸ್ತೆ ನೋಡುತ್ತಲೇ ಹೇಳಿದಳು. "ಘಾಟಿ ಮುಗೀತು. ಇನ್ನಾದ್ರೂ ಆ ಕಾಲೆತ್ತು, ಅಂಗೋನಿ. ಬ್ರೇಕ್ ಇರೋದು ನನ್ನ ಕಡೆ. ನಿಮ್ಮಜ್ಜನೂ ಹಿಂಗೇ ಕಣ್ಮುಚ್ಚಿಕೊಂಡೇ ಯುದ್ಧ ಮಾಡಿದ್ನಾ?"

ಮಾಪುಂಡಾ ಕಿಟಕಿಯ ಕಡೆ ತಿರುಗಿ ಈರುಳ್ಳಿಯವಳ ಹತ್ತಿರ ಚೌಕಾಸಿಗೆ ನಿಂತ, ದನಿ ಒಡೆದು ಒಡೆದು ಬರುತ್ತಿತ್ತು. ಈರುಳ್ಳಿಯವಳಿಗೆ ಏನು ಅನ್ನಿಸಿತೋ, ಇನ್ನೊಂದು ಹಿಡಿ ಹೆಚ್ಚಿಗೆ ಕೊಟ್ಟಳು.

ಅಗ್ರಿಪಿನಾ ಕೀಲಿ ತಿರುಗಿಸಿದಳು. ಗಂಟೆ ಬಾರಿಸಿತು. ಒಳಗಿನ ಹೆಂಗಸು ಅದೇ ಮಾತನ್ನು ಅದೇ ಮೆತ್ತಗಿನ ದನಿಯಲ್ಲಿ ಹೇಳಿದಳು.

"ಇಲ್ಲ ಕಣಮ್ಮ, ಕಾರ್ಡ್ ಇಲ್ಲ," ಅಂದಳು ಅಗ್ರಿಪಿನಾ. "ಸುಮ್ನೆ ನಡಿ. ಮಗಳು ಕಾಯ್ತಿದಾಳೆ."